ನೆರೆಯ ಕಾರ್ಖಾನೆಯಿಂದ ಕಲಿಯುವ ವಿದ್ಯೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ರಸ್ತೆಗಳಲ್ಲಿ ಸಂಚರಿಸುವವರಿಗೆ ಎತ್ತರವಾದ ಹೊಗೆಕೊಳವೆಯುಳ್ಳ ಉದ್ದನೆಯ ಕಟ್ಟಡಗಳು ಹೊಸತಲ್ಲ. ಅವುಗಳಲ್ಲಿ ಕೆಲವು ಕುಚ್ಚಲಕ್ಕಿಯ ಗಿರಣಿಗಳು, ಕೆಲವು ಗೇರುಬೀಜದ ಕಾರ್ಖಾನೆಗಳು. ಗೇರುಬೀಜದ ಕಾರ್ಖಾನೆಗಳನ್ನೇ ನೋಡೋಣ. ಎಲ್ಲರೂ ಕೊಳ್ಳುವುದು ಹೆಚ್ಚುಕಡಮೆ ಒಂದೇ ಬಗೆಯ ಬೀಜ. ಎಲ್ಲರೂ ಬಳಸುವುದು ಅದೇ ಹಬೆ. ಆದರೂ ಒಬ್ಬರಲ್ಲಿ ತಿರುಳು ಇಡಿಯಾಗಿ ಹೊರಬಂದರೆ ಮತ್ತೊಬ್ಬರಲ್ಲಿ ಒಡೆದುಹೋಗುವುದುಂಟು. ಒಡೆಯದಂತೆ ಮಾಡುವ ಉಪಾಯವನ್ನು ಕಂಡುಕೊಂಡವನು ಅದನ್ನು ನೆರೆಯ ಕಾರ್ಖಾನೆಯವನಿಗೆ ಹೇಳಬೇಕೆ? ವ್ಯಾಪಾರಿಯಾದವನು ಕೂಡಲೇ ‘ಬೇಡ’ ಎಂದಾನು. ಸಂಖ್ಯಾಶಾಸ್ತ್ರವು ಕೊಡುವ ಉತ್ತರ ಬೇರೆ.

ಮೊದಲು ತಿರುಳು ಏಕೆ ಒಡೆಯುತ್ತದೆಂಬುದನ್ನು ತಿಳಿಯಬೇಕು. ಗೇರುಮರವು ಮೂಲತಃ ಬ್ರೆಜಿಲ್ ದೇಶದ್ದು. 16ನೆಯ ಶತಮಾನದಲ್ಲಿ ಪೋರ್ತುಗೀಸರೊಡನೆ ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಅದರ ಬೀಜವನ್ನು ನೆಲಗಡಲೆಯಂತೆ ಬೆರಳಿನಿಂದ ಬಿಡಿಸುವಂತಿಲ್ಲ. ಗಟ್ಟಿಯಾದ ಸಿಪ್ಪೆಯ ಎರಡು ಪದರಗಳ ನಡುವೆ ಜೇನುಗೂಡಿನಂತಹ ಕೋಶಗಳಿದ್ದು, ಅವುಗಳಲ್ಲಿ ಅನಕಾರ್ಡಿಕ್ ಆಮ್ಲವುಳ್ಳ ಎಣ್ಣೆ ತುಂಬಿರುತ್ತದೆ. ಅದು ಚರ್ಮಕ್ಕೆ ತಗಲಿದರೆ ಸುಟ್ಟಂತೆ ಬೊಬ್ಬೆಗಳೇಳುತ್ತವೆ. ಆದುದರಿಂದ ಬೀಜವನ್ನು ಒತ್ತಡದ ಹಬೆಯಲ್ಲಿ ಬೇಯಿಸಿ, ಹರವಿ, ಬಹಳ ಹೊತ್ತು ಆರಲು ಬಿಡುತ್ತಾರೆ. ಆರಿದ ಬೀಜದಲ್ಲಿ ಸಿಪ್ಪೆ ಪೆಡಸಾಗಿರುತ್ತದೆ, ತಿರುಳು ಅದರ ಹಿಡಿತದಿಂದ ಸಡಿಲಗೊಂಡಿರುತ್ತದೆ. ಆಗ ಹೆಂಗಸರು ಮೇಜಿನ ಮುಂದೆ ಕುಳಿತು, ಕೈಗೆ ಎಣ್ಣೆ ಸವರಿಕೊಂಡು, ಪೆಡಲು ತುಳಿದು ಬೀಜವನ್ನು ಎರಡು ಅಲಗುಗಳ ನಡುವೆ ಸೀಳಿ ತಿರುಳನ್ನು ಬಿಡಿಸುತ್ತಾರೆ. ಈಗ ಈ ಕೆಲಸಕ್ಕೆ ಸ್ವಯಂಚಾಲಿತ ಯಂತ್ರಗಳೂ ಬಂದಿವೆ. ಬಿಡಿಸಿದ ತಿರುಳನ್ನು ಸುಮಾರು 70 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಒಳಗಿನ ತೆಳುವಾದ ಕೆಂಪು ಹೊಟ್ಟು ಸುಲಿಯಲು ಬರುತ್ತದೆ.

ಒಡಕು ಈ ದಾರಿಯಲ್ಲಿ ಎಲ್ಲಿಯಾದರೂ ಹುಟ್ಟಬಹುದು. ಹಬೆ ಸಾಲದಿದ್ದರೆ ಸಿಪ್ಪೆ ಬಾಗುತ್ತದೆಯೇ ಹೊರತು ಸೀಳುವುದಿಲ್ಲ. ಆರುವ ಮುನ್ನ ಕತ್ತರಿಸಿದರೆ ತಿರುಳು ಸಿಪ್ಪೆಗೆ ಅಂಟಿಕೊಂಡು ಹರಿಯುತ್ತದೆ. ಹೆಚ್ಚು ಒಣಗಿದರೆ ತೇವಾಂಶವಿಲ್ಲದೆ ಗಾಜಿನಂತೆ ಚೂರಾಗುತ್ತದೆ. ಹೊಟ್ಟು ತೆಗೆದ ಮೇಲೆ ತಿರುಳಿಗೆ ಮತ್ತೆ ಸ್ವಲ್ಪ ತೇವವನ್ನು ಕೊಡುವುದು ಇದಕ್ಕಾಗಿಯೇ. ಅಲಗು ಮೊಂಡಾಗಿರಬಹುದು, ಬೀಜಗಳು ದೊಡ್ಡವೂ ಚಿಕ್ಕವೂ ಬೆರೆತಿರಬಹುದು. ಇಷ್ಟು ಕಾರಣಗಳ ನಡುವೆ ನಿಜವಾದುದು ಯಾವುದು? ಇಡಿಯ ತಿರುಳಿಗೂ ಚೂರಿಗೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಈ ಉದ್ಯಮದಲ್ಲಿ ಅಳತೆಗಳಿಗೆ ಕೊರತೆಯಿಲ್ಲ. 80 ಕಿಲೋಗ್ರಾಮಿನ ಒಂದು ಚೀಲ ಬೀಜದಿಂದ ಎಷ್ಟು ಪೌಂಡು ತಿರುಳು ದೊರೆಯುವುದೆಂದು ಕೊಳ್ಳುವವರು ಕೇಳುತ್ತಾರೆ. 48 ಪೌಂಡು ಎಂದರೆ ಸುಮಾರು 21.8 ಕಿಲೋಗ್ರಾಂ, ಅಂದರೆ ಬೀಜದ ತೂಕದ ಕಾಲುಭಾಗಕ್ಕಿಂತ ತುಸು ಹೆಚ್ಚು. ‘320’ ಎಂಬ ದರ್ಜೆಯಲ್ಲಿ ಒಂದು ಪೌಂಡಿಗೆ 300ರಿಂದ 320 ಇಡಿ ತಿರುಳುಗಳಿರುತ್ತವೆ. ‘180’ರಲ್ಲಿ ತಿರುಳು ಇನ್ನೂ ದಪ್ಪ. (ಕಿಲೋ, ಪೌಂಡು ಎರಡನ್ನೂ ಒಂದೇ ಉಸಿರಿನಲ್ಲಿ ನುಡಿಯುವ ಈ ಪದ್ಧತಿಯು ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಹಿತವೆನಿಸದು, ಆದರೆ ಪೇಟೆ ನಮ್ಮ ಮಾತನ್ನು ಕೇಳುವುದಿಲ್ಲ.) ಇಲ್ಲದಿರುವುದು ಅಳತೆಯಲ್ಲ, ಅಳತೆಯ ಅರ್ಥವನ್ನು ತಿಳಿಯುವ ಕ್ರಮ.

ಒಂದು ಉದಾಹರಣೆ ಕೊಡೋಣ. ಒಂದು ಕಾರ್ಖಾನೆಯಲ್ಲಿ ದಿನವೂ 100 ತಿರುಳುಗಳನ್ನು ಆಯ್ದು ನೋಡುತ್ತಾರೆ; ಸರಾಸರಿ 10 ಒಡೆದಿರುತ್ತವೆ ಎಂದಿಟ್ಟುಕೊಳ್ಳಿ. ಸೋಮವಾರ 8, ಮಂಗಳವಾರ 13. ಮೇಸ್ತ್ರಿಯು ಸೋಮವಾರ ಹಿಗ್ಗಿ ಮಂಗಳವಾರ ಗದರುತ್ತಾನೆ. ಎರಡೂ ವ್ಯರ್ಥ. ಆಕಸ್ಮಿಕವಾಗಿಯೇ ಈ ಸಂಖ್ಯೆಯು ಎಷ್ಟು ಓಲಾಡುವುದೆಂಬುದನ್ನು ಲೆಕ್ಕ ಹಾಕಬಹುದು. 100ನ್ನು 0.1 ಮತ್ತು 0.9ರಿಂದ ಗುಣಿಸಿದರೆ 9. ಅದರ ವರ್ಗಮೂಲ 3. ಇದರ ಮೂರು ಪಟ್ಟನ್ನು ಸರಾಸರಿಯ ಎರಡು ಕಡೆಗಳಲ್ಲಿಯೂ ಇಟ್ಟರೆ 1ರಿಂದ 19ರವರೆಗಿನ ಎಲ್ಲೆ ದೊರೆಯುತ್ತದೆ. ಈ ಎಲ್ಲೆಯೊಳಗಿನ ಒಂದು ದಿನದ ಏರಿಳಿತಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಒಂದು ದಿನ 22 ಬಂದರೆ ಮಾತ್ರ ಏನೋ ಕೆಟ್ಟಿದೆ. ಎದ್ದು ಹೋಗಿ ನೋಡಬೇಕು.

ಈ ನಿಯಂತ್ರಣ ನಕ್ಷೆಯನ್ನು 1924ರಲ್ಲಿ ರೂಪಿಸಿದವನು ವಾಲ್ಟರ್ ಶೂಹಾರ್ಟ್ ಎಂಬ ಅಮೆರಿಕದ ಭೌತವಿಜ್ಞಾನಿ. ದೂರವಾಣಿ ಉಪಕರಣಗಳ ತಯಾರಿಕೆಗಾಗಿ ಅದು ಹುಟ್ಟಿತು. ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಹ್ವಾನದ ಮೇರೆಗೆ ಆತನು 1947–48ರಲ್ಲಿ ನಮ್ಮ ದೇಶಕ್ಕೂ ಬಂದಿದ್ದನು. ಆತನ ವಿಚಾರವನ್ನು ಡೆಮಿಂಗ್ ಎಂಬವನು 1950ರಲ್ಲಿ ಜಪಾನೀಯರಿಗೆ ಬೋಧಿಸಿದ ಕಥೆ ಪ್ರಸಿದ್ಧವಾದುದು.

ನೆರೆಯವನ ಪಾತ್ರ ಬರುವುದು ಈಗ. ನಮ್ಮ ಕಾರ್ಖಾನೆಯವನು ಬೀಜವನ್ನು ಇನ್ನೂ ನಾಲ್ಕು ಗಂಟೆ ಹೆಚ್ಚಾಗಿ ಆರಿಸಿ ನೋಡುತ್ತಾನೆ. ಒಡಕು 10ರಿಂದ 7ಕ್ಕೆ ಇಳಿಯುತ್ತದೆ. ಇದು ಸುಧಾರಣೆಯೋ ಅದೃಷ್ಟವೋ? 1ರಿಂದ 19ರ ಎಲ್ಲೆಯೊಳಗೆ 7 ಎಂಬುದು ಏನನ್ನೂ ಹೇಳದು. ಆತನು 400 ತಿರುಳುಗಳನ್ನು ಎಣಿಸಿದರೆ ಎಲ್ಲೆಯು ನೂರಕ್ಕೆ 5.5ರಿಂದ 14.5ಕ್ಕೆ ಕಿರಿದಾಗುತ್ತದೆ, ಆದರೂ ಸಂಶಯ ಹೋಗದು. ಆ ವಾರದ ಬೀಜವೇ ಒಳ್ಳೆಯದಿತ್ತೋ, ಆ ಮೇಸ್ತ್ರಿಯ ಕೈಗುಣವೋ! ಅದೇ ಪ್ರಯೋಗವನ್ನು ಮೂರು ತಾಲೂಕುಗಳ ನಾಲ್ಕಾರು ಕಾರ್ಖಾನೆಗಳು ಮಾಡಿ, ಎಲ್ಲೆಡೆಯೂ ಒಡಕು ಇಳಿದರೆ, ಕೈಗುಣದ ಮಾತು ಅಲ್ಲಿಗೆ ಮುಗಿಯುತ್ತದೆ. ಒಂಟಿಯಾಗಿರುವ ಸಣ್ಣ ಕಾರ್ಖಾನೆಯವನಿಗೆ ತನ್ನ ಗುಟ್ಟು ನಿಜವಾಗಿಯೂ ಗುಟ್ಟೇ ಎಂಬುದನ್ನು ತಿಳಿಯುವ ದಾರಿ ಬಲು ಕಿರಿದು. ಮುಚ್ಚಿಟ್ಟವುಗಳಲ್ಲಿ ಎಷ್ಟೋ ಬರಿಯ ಭ್ರಮೆಗಳಾಗಿರಬಹುದು.

ಹೀಗೆ ಹಂಚಿಕೊಂಡವರುಂಟೆ ಎಂದು ವಾಚಕರು ಕೇಳಬಹುದು. ಉಂಟು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಳಲ್ಲಿ ನೀರೆತ್ತಲು ಉಗಿಯಂತ್ರಗಳಿದ್ದವು. ಕಲ್ಲಿದ್ದಲು ದೂರದಿಂದ ಬರಬೇಕಾದುದರಿಂದ ದುಬಾರಿ. 1811ರಿಂದ ಜೋಯಲ್ ಲೀನ್ ಎಂಬವನು ಗಣಿಯಿಂದ ಗಣಿಗೆ ಹೋಗಿ, ಒಂದು ಬುಷೆಲ್ ಕಲ್ಲಿದ್ದಲಿನಿಂದ ಯಾವ ಯಂತ್ರವು ಎಷ್ಟು ಪೌಂಡು ನೀರನ್ನು ಒಂದು ಅಡಿ ಎತ್ತುವುದೆಂದು ಅಳೆದು, ತಿಂಗಳು ತಿಂಗಳೂ ಅಚ್ಚು ಹಾಕಿಸತೊಡಗಿದನು. ಯಂತ್ರದ ರಚನೆಯ ವಿವರವೂ ಜೊತೆಗಿರುತ್ತಿತ್ತು. ಮೊದಲಿಗೆ ಸರಾಸರಿ 1 ಕೋಟಿ 70 ಲಕ್ಷದಷ್ಟಿದ್ದ ಸಂಖ್ಯೆಯು 1840ರ ದಶಕದ ನಡುವೆ 6 ಕೋಟಿಯನ್ನು ದಾಟಿತು. ನಮ್ಮ ಕೇಂದ್ರ ಸರ್ಕಾರವು ಸಣ್ಣ ಉದ್ಯಮಗಳಿಗಾಗಿ 2023ರಲ್ಲಿ ಹೊಸದಾಗಿ ಆರಂಭಿಸಿದ, ವ್ಯರ್ಥವನ್ನು ಕಡಮೆಮಾಡುವ ಯೋಜನೆಯ ಹೆಸರೂ ‘ಲೀನ್’ ಎಂದಿರುವುದು ಕೇವಲ ಕಾಕತಾಳೀಯ. ಅಲ್ಲಿ ಆ ಶಬ್ದಕ್ಕೆ ಕೊಬ್ಬಿಲ್ಲದ್ದು ಎಂದರ್ಥ.

ಆ ಗಣಿಯವರು ಉದಾರಿಗಳಾಗಿದ್ದುದರಿಂದ ಹೀಗೆ ಮಾಡಿದರೆಂದು ಭಾವಿಸಬಾರದು. ತಾಮ್ರದ ಬೆಲೆಯನ್ನು ಪೇಟೆಯೇ ನಿರ್ಧರಿಸುತ್ತಿತ್ತು. ನೆರೆಯ ಗಣಿಯವನು ಕಲ್ಲಿದ್ದಲು ಉಳಿಸಿದರೆ ಇವರಿಗೆ ನಷ್ಟವಿರಲಿಲ್ಲ. ಗೋಡಂಬಿಯ ಸ್ಥಿತಿಯೂ ಬಹುಮಟ್ಟಿಗೆ ಅದೇ. ಬೆಲೆ ಜಗತ್ತಿನ ಪೇಟೆಯಲ್ಲಿ ನಿಲ್ಲುತ್ತದೆ. ಅಲ್ಲಿ ರಫ್ತಿನಲ್ಲಿ ಮುಂದಿರುವುದು ಯಂತ್ರಗಳನ್ನು ವ್ಯಾಪಕವಾಗಿ ಬಳಸುವ ವಿಯೆಟ್ನಾಂ. ಬೆಳ್ತಂಗಡಿಯ ಸ್ಪರ್ಧಿ ಬಂಟ್ವಾಳದಲ್ಲಿಲ್ಲ. ಬೀಜ ಕೊಳ್ಳುವಾಗಲೂ ಕೆಲಸಗಾರರನ್ನು ಹುಡುಕುವಾಗಲೂ ಇದ್ದಾನೆಂಬುದು ನಿಜ. ಆ ಲೆಕ್ಕಗಳನ್ನು ಬೇಕಾದರೆ ಮುಚ್ಚಿಡಲಿ.

ಹಂಚಿಕೆಯ ದಾರಿಗಳು ಈಗಾಗಲೇ ಇವೆ. ಗೋಡಂಬಿ ತಯಾರಕರಿಗೆ ರಾಜ್ಯಮಟ್ಟದ ಸಂಘವಿದೆ. ಪಕ್ಕದ ಪುತ್ತೂರಿನಲ್ಲಿ 1986ರಿಂದ ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರವಿದೆ. ಮೂಡುಬಿದಿರೆಯಲ್ಲಿ ಅಕ್ಕಿಗಿರಣಿಗಳ ಬಾಯ್ಲರು, ಡ್ರೈಯರುಗಳನ್ನು ತಯಾರಿಸುತ್ತಾರೆ; ಹತ್ತು ಗಿರಣಿಗಳ ದೂರನ್ನು ಕೇಳಿದ ಯಂತ್ರಕಾರನು ಹನ್ನೊಂದನೆಯದಕ್ಕೆ ತಿದ್ದಿದ ಯಂತ್ರವನ್ನು ಕೊಡಬಲ್ಲನು. 1982ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಗುಣಮಟ್ಟ ವೃತ್ತಗಳ ವೇದಿಕೆಯ ಸಮ್ಮೇಳನಗಳಲ್ಲಿ ಬೇರೆ ಬೇರೆ ಕಾರ್ಖಾನೆಗಳ ಕೆಲಸಗಾರರೇ ಎದ್ದು ನಿಂತು ತಾವು ಬಿಡಿಸಿದ ಸಮಸ್ಯೆಯನ್ನು ವಿವರಿಸುತ್ತಾರೆ. ನಮಗೆ ಹೆಚ್ಚು ಮೆಚ್ಚುಗೆಯಾದುದು ಇದು. ಹಬೆ ಸಾಲದ ಬೀಜವು ಅಲಗಿನ ಕೆಳಗೆ ಹೇಗೆ ವರ್ತಿಸುವುದೆಂಬುದನ್ನು ಮೊದಲು ಅರಿಯುವವಳು ಪೆಡಲು ತುಳಿಯುವ ಹೆಂಗಸು. ಮಾಲಿಕರ ಸಭೆಗೆ ಆಕೆಯ ಮಾತು ಸುಲಭವಾಗಿ ತಲಪದು.

ಆಕೆಗೆ ಈ ಲೆಕ್ಕದಲ್ಲಿ ಸ್ವಂತ ಹಿತವೂ ಇದೆ. ಕೂಲಿಯು ಇಡಿ ತಿರುಳಿನ ತೂಕದ ಮೇಲೆ ನಿಂತಿರುವಲ್ಲಿ ಒಡೆದ ಪ್ರತಿಯೊಂದು ತಿರುಳೂ ಆಕೆಯ ಕೂಲಿಯಲ್ಲಿ ಕಡಿತವಾಗುತ್ತದೆ. ನಕ್ಷೆಯಿಲ್ಲದಿದ್ದರೆ 22ಕ್ಕೆ ಆಕೆಯ ಕೈಯೇ ಹೊಣೆ. ಮೇಜಿನ ಬಳಿಯ ಗೋಡೆಗೆ ನಕ್ಷೆಯನ್ನು ತೂಗುಹಾಕಿ, ದಿನದ ಒಡಕಿನ ಪಕ್ಕದಲ್ಲಿ ಹಬೆಯ ಒತ್ತಡವನ್ನೂ ಆರಿದ ಗಂಟೆಗಳನ್ನೂ ಬರೆದಿಟ್ಟರೆ, ಆ ದಿನ ಎಲ್ಲ ಮೇಜುಗಳಲ್ಲಿಯೂ ಚುಕ್ಕೆ ಒಟ್ಟಿಗೆ ಮೇಲೇರಿದುದೂ, ಹಿಂದಿನ ದಿನ ಬಾಯ್ಲರಿನ ಒತ್ತಡ ಇಳಿದಿದ್ದುದೂ ಯಾರ ಕಣ್ಣಿಗಾದರೂ ಬೀಳುತ್ತದೆ.