ಹಬ್ಬದ ಲಿಪ್‌ಸ್ಟಿಕ್, ದಿನದ ಶಾಂಪೂ: ಹಚ್ಚಿ ನೋಡುವವರೂ ಮಾರುವವರೂ ಗಮನಿಸಬೇಕಾದ್ದೇನು?

ಶ್ರಾವಣ ಶುರುವಾದರೆ ಸಾಕು, ಪೇಟೆ ಬೀದಿಯ ಫ್ಯಾನ್ಸಿ ಸ್ಟೋರ್‌ಗಳ ಗಾಜಿನ ಕೌಂಟರ್ ಮುಂದೆ ನಿಲ್ಲೋಕೂ ಜಾಗ ಇರಲ್ಲ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ, ಅದರ ಬೆನ್ನಿಗೇ ಮದುವೆ ಸೀಸನ್. ವರ್ಷವಿಡೀ ಸ್ಯಾಚೆ ಶಾಂಪೂ, ಕಾಡಿಗೆ ಡಬ್ಬಿ ಕೊಳ್ಳುವವರೂ ಈ ದಿನಗಳಲ್ಲಿ ‘ಒಂದು ಒಳ್ಳೇ ಬ್ರ್ಯಾಂಡಿಂದು ತೋರ್ಸಿ ಅಣ್ಣಾ, ಸ್ವಲ್ಪ ಹಚ್ಚಿ ನೋಡ್ತೀನಿ’ ಅಂತಾರೆ. ಹಚ್ಚಿ ನೋಡೋದು ತಪ್ಪಲ್ಲ. ಯಾವುದನ್ನು, ಎಲ್ಲಿ, ಹೇಗೆ ಹಚ್ಚಿ ನೋಡಬೇಕು ಅನ್ನೋದು ಗೊತ್ತಿಲ್ಲದಿದ್ದರೆ ದುಡ್ಡೂ ಹೋಗುತ್ತೆ, ಚರ್ಮವೂ ಕೆಡುತ್ತೆ.

ಚರ್ಮ ಮಾತ್ರ ಅಂದುಕೊಂಡರೂ ತಪ್ಪಾದೀತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದೇ ಬಗೆಯ ಅಪರೂಪದ ಮೂತ್ರಪಿಂಡ ಕಾಯಿಲೆ ಇರುವ ರೋಗಿಗಳು ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆಗೆ ಬಂದರು. ಅಂಥ 15 ಮಂದಿಯಲ್ಲಿ 13 ಜನ ಕಾಯಿಲೆ ಕಾಣಿಸಿಕೊಳ್ಳುವ ಮೊದಲು ಬಣ್ಣ ಬಿಳುಪಾಗಿಸುವ ಕ್ರೀಂ ಹಚ್ಚುತ್ತಿದ್ದರು. ವೈದ್ಯರು ಬೆರಳು ತೋರಿಸಿದ್ದು ಕ್ರೀಮಿನಲ್ಲಿದ್ದ ಪಾದರಸದ ಕಡೆಗೆ. ಪಾದರಸ ಚರ್ಮದಲ್ಲಿ ಕಪ್ಪು ಬಣ್ಣ ತಯಾರಾಗೋದನ್ನು ತಡೆಯುತ್ತೆ. ಅದಕ್ಕೇ ನಾಲ್ಕೈದು ದಿನದಲ್ಲೇ ಮುಖ ಬೆಳ್ಳಗಾದ ಹಾಗೆ ಕಾಣುತ್ತೆ, ‘ನೋಡ್ರೀ ಎಂಥಾ ರಿಸಲ್ಟು’ ಅನ್ನುವ ಮಾತು ಬಾಯಿಂದ ಬಾಯಿಗೆ ಹರಡುತ್ತೆ. ಆದರೆ ಚರ್ಮದ ಮೂಲಕ ಒಳಗೆ ಇಳಿದ ಪಾದರಸ ಮೂತ್ರಪಿಂಡದಲ್ಲಿ ಸೇರಿಕೊಳ್ಳುತ್ತೆ. ಕಾಲು ಊದಿಕೊಳ್ಳೋದು, ಮೂತ್ರದಲ್ಲಿ ನೊರೆ ಬರೋದು ಇದರ ಲಕ್ಷಣ. ಕ್ರೀಂ ಹಚ್ಚುವವರಿಗೆ ಹೀಗಾದರೆ ವೈದ್ಯರ ಬಳಿ ಹೋಗುವಾಗ ಡಬ್ಬಿಯನ್ನೂ ತೆಗೆದುಕೊಂಡು ಹೋಗುವುದು ಒಳ್ಳೇದು.

ನಮ್ಮ ದೇಶದ ಸೌಂದರ್ಯವರ್ಧಕಗಳ ನಿಯಮ, 2020ರ ಪ್ರಕಾರ ಕ್ರೀಮಿಗೆ ಪಾದರಸ ಬೇಕೆಂದೇ ಸೇರಿಸುವಂತಿಲ್ಲ. ತಯಾರಿಕೆಯಲ್ಲಿ ಗೊತ್ತಿಲ್ಲದೆ ಸೇರಿಕೊಂಡರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ.

ಡಬ್ಬಿ ತಿರುಗಿಸಿ ನೋಡಿ

ಹಾಗಾದರೆ ಕೌಂಟರ್ ಮೇಲೆ ಇಟ್ಟ ಡಬ್ಬಿ ಸರಿಯಾದದ್ದೋ ಅಲ್ಲವೋ ಗೊತ್ತಾಗೋದು ಹೇಗೆ? ಲ್ಯಾಬಿಗೆ ಹೋಗಬೇಕಿಲ್ಲ, ಮೊದಲು ಹಿಂಬದಿ ಓದಿದರೆ ಸಾಕು. ದೇಶದಲ್ಲೇ ತಯಾರಾದ ಮಾಲಿನ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನೋ ದಿನಾಂಕ, ಒಳಗೆ ಏನೇನಿದೆ ಅನ್ನೋ ಪಟ್ಟಿ ಇರಬೇಕು. ಹೊರದೇಶದ ಮಾಲಾದರೆ ಆಮದುದಾರರ ಹೆಸರು, ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಬೇಕೇಬೇಕು. ಜೊತೆಗೆ ರೂಪಾಯಿಯಲ್ಲಿ ಎಂಆರ್‌ಪಿ. ಸಾವಿರಾರು ರೂಪಾಯಿ ಬೆಲೆಯ ವಿದೇಶಿ ಲಿಪ್‌ಸ್ಟಿಕ್ಕಿನದ್ದೇ ಹೆಸರು, ಅದೇ ಪೆಟ್ಟಿಗೆ, ಬೆಲೆ ಮಾತ್ರ ನೂರೈವತ್ತು, ಆಮದುದಾರರ ಸ್ಟಿಕರ್ ಇಲ್ಲವೇ ಇಲ್ಲ ಅಂದರೆ ಅದು ‘ಫಸ್ಟ್ ಕಾಪಿ’. ಫಸ್ಟ್ ಕಾಪಿ ಅಂದರೆ ನಕಲಿ ಅಂತಲೇ ಅರ್ಥ, ಅದರಲ್ಲಿ ಫಸ್ಟು ಸೆಕೆಂಡು ಅಂತ ಏನಿಲ್ಲ.

ಅಂಗಡಿಯವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸೌಂದರ್ಯವರ್ಧಕಗಳನ್ನು ಚಿಲ್ಲರೆಯಾಗಿ ಮಾರೋಕೆ ಮೆಡಿಕಲ್ ಸ್ಟೋರಿನ ಹಾಗೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ ಅನ್ನೋದು ನಿಜ. ಹಾಗಂತ ಜವಾಬ್ದಾರಿ ಇಲ್ಲ ಅಂತಲ್ಲ. ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ, 1940ರ 27ಎ ಸೆಕ್ಷನ್ ಪ್ರಕಾರ ನಕಲಿ ಸೌಂದರ್ಯವರ್ಧಕ ಮಾರಿದರೆ 3 ವರ್ಷದವರೆಗೆ ಜೈಲು, ಜೊತೆಗೆ ಕನಿಷ್ಠ 50,000 ರೂಪಾಯಿ ಅಥವಾ ವಶಪಡಿಸಿಕೊಂಡ ಮಾಲಿನ ಮೂರು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ. ‘ನಂಗೇನ್ ಗೊತ್ತು ಸಾರ್, ಲೈನಿನಲ್ಲಿ ಬಂದವನು ಕೊಟ್ಟು ಹೋದ’ ಅನ್ನೋ ಮಾತು ಅಷ್ಟಕ್ಕೇ ನಿಲ್ಲಲ್ಲ. ಆದರೆ ಅದೇ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಅಂಗಡಿಯವರಿಗೆ ಒಂದು ರಕ್ಷಣೆಯೂ ಇದೆ: ಪರವಾನಗಿ ಇರುವ ತಯಾರಕರಿಂದ ಅಥವಾ ಅಧಿಕೃತ ವಿತರಕರಿಂದಲೇ ಕೊಂಡದ್ದು, ದೋಷ ತನಗೆ ತಿಳಿದಿರಲಿಲ್ಲ, ಮಾಲನ್ನು ಬಂದ ಹಾಗೇ ಸರಿಯಾಗಿ ಇಟ್ಟಿದ್ದೆ ಅಂತ ತೋರಿಸಿಕೊಟ್ಟರೆ ಪಾರಾಗಬಹುದು. ತೋರಿಸೋಕೆ ಬೇಕಾದದ್ದು ಖರೀದಿ ಬಿಲ್. ಬಿಲ್ಲಿಲ್ಲದೆ ಹತ್ತು ರೂಪಾಯಿ ಕಡಿಮೆಗೆ ಸಿಗುವ ಮಾಲು ಕೊನೆಗೆ ತುಂಬಾ ದುಬಾರಿ ಬೀಳುತ್ತೆ.

ಟೆಸ್ಟರ್ ಎಲ್ಲರದ್ದು, ತುಟಿ ಒಬ್ಬರದ್ದು

ದೊಡ್ಡ ಊರಿನ ಮಾಲ್‌ಗಳ ಹಾಗೆ ಈಗ ತಾಲೂಕು ಕೇಂದ್ರದ ಅಂಗಡಿಗಳಲ್ಲೂ ಟೆಸ್ಟರ್ ಇಡುವ ರೂಢಿ ಬಂದಿದೆ. ಒಂದೇ ಲಿಪ್‌ಸ್ಟಿಕ್ ಬೆಳಗ್ಗಿಂದ ಸಂಜೆತನಕ ಹತ್ತಾರು ಜನರ ತುಟಿ ಮುಟ್ಟಿದರೆ ತುಟಿ ಹುಣ್ಣಿನ ವೈರಸ್ ಹರಡೋಕೆ ದಾರಿ ಆಗುತ್ತೆ. ಕಣ್ಣಿನ ಕಾಡಿಗೆ ಪೆನ್ಸಿಲ್, ಮಸ್ಕಾರ ಇನ್ನೂ ಅಪಾಯ, ಕಣ್ಣು ಕೆಂಪಾಗಿ ಹಬ್ಬವೇ ಹೋಯ್ತು ಅನ್ನೋ ಹಾಗಾಗುತ್ತೆ. ಇವನ್ನು ಅಂಗಡಿಯಲ್ಲಿ ಕಣ್ಣಿಗೆ ಹಚ್ಚಿ ನೋಡಲೇಬಾರದು, ಕೈ ಮೇಲೆ ಒಂದು ಗೆರೆ ಎಳೆದರೆ ಸಾಕು.

ಲಿಪ್‌ಸ್ಟಿಕ್ಕಿನ ಬಣ್ಣ ನೋಡೋಕೆ ಬೆರಳ ತುದಿ ಒಳ್ಳೇ ಜಾಗ, ಅಲ್ಲಿನ ಬಣ್ಣ ತುಟಿಯ ಬಣ್ಣಕ್ಕೆ ಹತ್ತಿರ. ಅಂಗಡಿಯವರು ಇಯರ್ ಬಡ್ಸ್ ಒಂದು ಪ್ಯಾಕೆಟ್, ಟಿಶ್ಯೂ, ಸ್ವಲ್ಪ ಸ್ಪಿರಿಟ್ ಇಟ್ಟುಕೊಂಡು, ಮೇಲ್ಪದರ ಒರೆಸಿ ಬಡ್ಸ್‌ನಲ್ಲಿ ತೆಗೆದುಕೊಟ್ಟರೆ ಗಿರಾಕಿಗೂ ನಂಬಿಕೆ ಬರುತ್ತೆ. ಖರ್ಚು ದೊಡ್ಡದೇನಲ್ಲ.

ಫೌಂಡೇಶನ್, ಕಾಂಪ್ಯಾಕ್ಟ್ ವಿಷಯದಲ್ಲಿ ಹೆಚ್ಚು ಜನ ಎಡವೋದು ಬೆಳಕಿನಲ್ಲಿ. ಎಲ್‌ಇಡಿ ಬಲ್ಬಿನ ಕೆಳಗೆ ಚೆನ್ನಾಗಿ ಕಂಡದ್ದು ಹೊರಗೆ ಬಂದರೆ ಬೂದಿ ಬಳಿದ ಹಾಗೆ ಕಾಣುತ್ತೆ. ಮುಂಗೈ ಬಣ್ಣ, ಮುಖದ ಬಣ್ಣ ಒಂದೇ ಇರಲ್ಲ. ಹಾಗಾಗಿ ದವಡೆಯ ಅಂಚಿಗೆ, ಕತ್ತು ಸೇರುವ ಕಡೆ ಒಂದು ಗೆರೆ ಹಚ್ಚಿ, ಅಂಗಡಿ ಮೆಟ್ಟಿಲಿಳಿದು ಬಿಸಿಲಲ್ಲಿ ಕನ್ನಡಿ ಹಿಡಿದು ನೋಡಬೇಕು. ಅಲ್ಲಿಗೇ ಮುಗಿಸದೆ ಬೇರೆ ಸಾಮಾನು ತರೋಕೆ ಹೋಗಿ ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರೆ ಇನ್ನೂ ಒಳ್ಳೇದು. ಗಾಳಿ, ಬೆವರು, ಮುಖದ ಎಣ್ಣೆ ಸೇರಿ ಕೆಲವು ಫೌಂಡೇಶನ್ ಒಂದು ಪಟ್ಟು ಕಪ್ಪಾಗುತ್ತವೆ. ಮದುವೆ ಮನೆಗಾದರೆ ಫ್ಲ್ಯಾಶ್ ಹಾಕಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೂ ನೋಡಿ. ಕೆಲವು ಬಿಳಿ ಪೌಡರ್‌ಗಳು ಫ್ಲ್ಯಾಶ್ ಬೆಳಕನ್ನು ವಾಪಸ್ ಎರಚುತ್ತವೆ, ಆಲ್ಬಂನಲ್ಲಿ ಮದುಮಗಳ ಮೂಗು ಕೆನ್ನೆ ಮಾತ್ರ ಸುಣ್ಣ ಬಳಿದಂತೆ ಬರೋದು ಇದರಿಂದಲೇ.

ಮನೆಗೆ ತಂದ ಮೇಲೆ ಹಬ್ಬದ ಬೆಳಗ್ಗೆಯೇ ಮೊದಲ ಸಲ ಹಚ್ಚಬೇಡಿ. ವಾರ ಮೊದಲೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಎರಡು ಮೂರು ದಿನ ತುರಿಕೆ, ಕೆಂಪು ಬರುತ್ತಾ ನೋಡಿ. ಬಿಂದಿ ಅಂಟಿಸುವವರೂ ಹುಷಾರಾಗಿರಬೇಕು. ಅದರ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಕೆಲವರಿಗೆ ಹಣೆ ಮಧ್ಯೆ ಬಿಳಿ ಕಲೆ ಬೀಳುತ್ತೆ. ಬಿಳಿಚಿದ್ದು ಕಂಡ ತಕ್ಷಣ ಬಿಂದಿ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಬೇಕು.

ತಲೆಗೆ ಹಾಕೋದರ ಲೆಕ್ಕ ಬೇರೆ

ಮೇಕಪ್ ಹಬ್ಬಕ್ಕೆ, ಶಾಂಪೂ ಎಣ್ಣೆ ವರ್ಷಪೂರ್ತಿ. ಇಲ್ಲಿ ಹಚ್ಚಿ ನೋಡೋಕೆ ಸ್ಯಾಚೆಗಿಂತ ಒಳ್ಳೇ ದಾರಿ ಇಲ್ಲ. ಇದೂ ನಮ್ಮ ಪಕ್ಕದ ರಾಜ್ಯದ್ದೇ ಐಡಿಯಾ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಪುಟ್ಟ ಪ್ಯಾಕೆಟ್ಟಿಗೆ ತುಂಬಿದರು, ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರುಮಾಡಿ ಹಳ್ಳಿ ಹಳ್ಳಿಗೆ ಮುಟ್ಟಿಸಿದರು. ದೊಡ್ಡ ಬಾಟಲಿಗೆ ಮುನ್ನೂರು ನಾನೂರು ಸುರಿಯುವ ಬದಲು ನಾಲ್ಕೈದು ಸ್ಯಾಚೆ ತಂದು ಎರಡು ವಾರ ಹಾಕಿ ನೋಡಬಹುದು.

ಬೋರ್‌ವೆಲ್ ನೀರಿನ ಊರುಗಳಲ್ಲಿ ‘ಯಾವ ಶಾಂಪೂ ಹಾಕಿದ್ರೂ ಕೂದ್ಲು ನಾರಿನ ಥರ’ ಅನ್ನೋ ದೂರು ಜಾಸ್ತಿ. ಅದರಲ್ಲಿ ಶಾಂಪೂವಿನ ತಪ್ಪಿಗಿಂತ ನೀರಿನ ತಪ್ಪೇ ಹೆಚ್ಚು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂರುತ್ತವೆ. ಮೈ ಸೋಪಲ್ಲೇ ತಲೆ ತೊಳೆದರಂತೂ ಜಿಡ್ಡಿನ ಪದರವೇ ಕಟ್ಟುತ್ತೆ. ಕೊನೆಯ ಎರಡು ಚೊಂಬು ಮಳೆ ನೀರೋ ಫಿಲ್ಟರ್ ನೀರೋ ಆದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತೆ.

ಕೂದಲು ಉದುರೋದು ನಿಲ್ಲಿಸುವ ಎಣ್ಣೆಗಳ ಜಾಹೀರಾತನ್ನು ಅಳೆಯೋಕೆ ಒಂದು ಲೆಕ್ಕ ಸಾಕು. ಕೂದಲು ತಿಂಗಳಿಗೆ ಬೆಳೆಯೋದು ಸುಮಾರು 1 ಸೆಂಟಿಮೀಟರ್. ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಜ್ವರ, ಹೆರಿಗೆ ಆದ ಎರಡು ಮೂರು ತಿಂಗಳಿಗೆ ರಾಶಿ ಉದುರಿ, ಆಮೇಲೆ ತಾನಾಗೇ ನಿಲ್ಲುತ್ತೆ. ಆ ಹೊತ್ತಿಗೆ ಹಚ್ಚುತ್ತಿದ್ದ ಎಣ್ಣೆಗೆ ಹೆಸರು ಬರುತ್ತೆ, ಅಷ್ಟೇ. ಕೊಬ್ಬರಿ ಎಣ್ಣೆ ಕೂದಲೆಳೆಯ ಒಳಗೆ ಇಳಿದು ತೊಳೆಯುವಾಗ ಆಗುವ ಸವೆತ ಕಡಿಮೆ ಮಾಡುತ್ತೆ ಅನ್ನೋದು ಪರೀಕ್ಷೆಯಲ್ಲಿ ಕಂಡ ಮಾತು. ಹೊಸ ಕೂದಲು ಹುಟ್ಟಿಸುತ್ತೆ ಅನ್ನೋದು ಬೇರೆ ಮಾತು.

ಹೇರ್ ಡೈ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಕಪ್ಪು ಬಣ್ಣದ ಹೆಚ್ಚಿನ ಡೈಗಳಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ, ಒಗ್ಗದವರಿಗೆ ಮುಖ, ಕಣ್ಣು ಊದಿಕೊಳ್ಳುತ್ತೆ. ಕಿವಿ ಹಿಂದೆ ಅಥವಾ ಮುಂಗೈ ಒಳಬದಿಗೆ ಹಚ್ಚಿ 24 ಗಂಟೆ ಕಾದು ನೋಡಬೇಕು, ಪ್ರತಿ ಸಲವೂ ನೋಡಬೇಕು, ಹುಬ್ಬು ರೆಪ್ಪೆಗೆ ಹಚ್ಚಲೇಬಾರದು ಅಂತ ಪ್ಯಾಕೆಟ್ ಜೊತೆ ಎಚ್ಚರಿಕೆ ಕೊಡೋದು ಕಾನೂನಿನಲ್ಲೇ ಕಡ್ಡಾಯ. ಮೀಸೆಗೆ ತಾನೇ ಅಂತ ಸಲೂನಿನಲ್ಲಿ ಕೂತಲ್ಲೇ ಹಚ್ಚಿಸಿಕೊಳ್ಳುವವರು ಇದನ್ನು ಓದಿರೋದು ಕಡಿಮೆ. ಐದು ನಿಮಿಷದಲ್ಲಿ ಕಪ್ಪಗೆ ರಂಗೇರುವ ‘ಕಪ್ಪು ಮೆಹೆಂದಿ’ಯಲ್ಲೂ ಇದೇ ಪಿಪಿಡಿ ಬೆರೆಸಿರುವ ಸಾಧ್ಯತೆ ಹೆಚ್ಚು. ಬರೀ ಗೋರಂಟಿ ಸೊಪ್ಪು ಕಪ್ಪು ಬಣ್ಣ ಕೊಡಲ್ಲ.

ತೆರಿಗೆ ಎಷ್ಟು, ದೂರು ಎಲ್ಲಿ?

2025ರ ಸೆಪ್ಟೆಂಬರ್ 22ರಿಂದ ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟಾಲ್ಕಂ ಪೌಡರ್, ಫೇಸ್ ಪೌಡರ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಲಿಪ್‌ಸ್ಟಿಕ್, ಫೌಂಡೇಶನ್, ಕಂಡೀಷನರ್, ಹೇರ್ ಡೈ ಶೇ 18ರಲ್ಲೇ ಉಳಿದವು. ಗೌರಿ ಬಾಗಿನಕ್ಕೆ ಇಡುವ ಕುಂಕುಮ, ಕಾಡಿಗೆ, ಗಾಜಿನ ಬಳೆಗೆ ಜಿಎಸ್‌ಟಿ ಇಲ್ಲ. ಆದರೆ ಅದೇ ಕಾಡಿಗೆ ಪೆನ್ಸಿಲ್ ರೂಪದಲ್ಲಿ ಬಂದರೆ ತೆರಿಗೆ ಬೀಳುತ್ತೆ. ಚಿಕ್ಕ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಗೋ ತಲೆಗೋ ಅಂತ ವರ್ಷಗಟ್ಟಲೆ ನಡೆದ ಜಗಳಕ್ಕೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆದಿತ್ತು: ಹೇರ್ ಆಯಿಲ್ ಅಂತ ಲೇಬಲ್ ಹಾಕದಿದ್ದರೆ ಅದು ಖಾದ್ಯ ತೈಲವೇ. ಈಗ ಎರಡಕ್ಕೂ ಶೇ 5 ಆದ್ದರಿಂದ ಕೌಂಟರಿನಲ್ಲಿ ಆ ಗೊಂದಲ ಉಳಿದಿಲ್ಲ.

ಎಂಆರ್‌ಪಿ ಅಂದರೆ ಎಲ್ಲಾ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಜಿಎಸ್‌ಟಿ ಸೇರಿಸಿ ಕೇಳುವಂತಿಲ್ಲ. ಕೇಳಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಅಂದರೆ ಜನ ತೂಕ-ಅಳತೆ ಇಲಾಖೆ ಅಂತ ಕರೆಯುವ ಕಚೇರಿಗೆ, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು. ನಕಲಿ ಮಾಲಿನ ಅನುಮಾನ ಇದ್ದರೆ ದೂರು ಹೋಗಬೇಕಾದದ್ದು ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ. ಕೊಂಡ ಮಾಲನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಯಾರಿಗಾದರೂ ಇದೆ. ಎಲ್ಲದಕ್ಕೂ ಬಿಲ್ಲು, ಹೊರಗಿನ ರಟ್ಟಿನ ಪೆಟ್ಟಿಗೆ ಎರಡೂ ಇರಬೇಕು. ಹಬ್ಬದ ಗಲಾಟೆಯಲ್ಲಿ ಮೊದಲು ಕಸದ ಬುಟ್ಟಿ ಸೇರೋದೂ ಅವೇ.