ಪೆಟ್ಟಿಗೆಯೊಳಗೆ ಸಾವಿರ ಗಂಟೆ

ಎಂಬತ್ತೈದು ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 85 ತೇವಾಂಶ, ಎಡೆಬಿಡದೆ 1000 ಗಂಟೆ. ಪರೀಕ್ಷಾಲಯದವರು ಇದನ್ನು ‘ಡ್ಯಾಂಪ್ ಹೀಟ್’ ಅನ್ನುತ್ತಾರೆ. ಭೂಮಿಯ ಮೇಲೆ ಇಂಥ ಹವೆ ಇರುವ ಊರು ಯಾವುದೂ ಇಲ್ಲ. ಆಷಾಢದ ಮಂಗಳೂರಿನಲ್ಲಿ 30 ಡಿಗ್ರಿಯ ಜೊತೆ ಶೇ. 85 ತೇವಾಂಶವಿದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 26 ಗ್ರಾಂ ನೀರಾವಿ ಇರುತ್ತದೆ. ಅಷ್ಟಕ್ಕೇ ನಮಗೆ ಅಂಗಿ ಮೈಗೆ ಅಂಟುತ್ತದೆ. ಪರೀಕ್ಷೆಯ ಪೆಟ್ಟಿಗೆಯಲ್ಲಿ ಅದೇ ಶೇ. 85 ಅಂದರೆ ಸುಮಾರು 300 ಗ್ರಾಂ. ಒಳಗಿನ ಒತ್ತಡದಲ್ಲಿ ಹತ್ತಿರಹತ್ತಿರ ಅರ್ಧ ಪಾಲು ನೀರಾವಿಯದೇ.

ಈ ಪೆಟ್ಟಿಗೆಗೆ ಕ್ಲೈಮೇಟ್ ಚೇಂಬರ್ ಎಂದು ಹೆಸರು. ಜರ್ಮನಿಯ ಗೀಸೆನ್ ಪಟ್ಟಣದ ಬಳಿ ರೈಸ್ಕಿರ್ಷೆನ್ ಎಂಬ ಊರಿದೆ. ಅಲ್ಲಿನ ವೈಸ್ ಟೆಕ್ನಿಕ್ ಇವನ್ನು ತಯಾರಿಸುವ ಹೆಸರುವಾಸಿ ಕಂಪನಿಗಳಲ್ಲಿ ಒಂದು. ಮೇಜಿನ ಮೇಲೆ ಕೂರುವ ಡಬ್ಬಿಯಿಂದ ಹಿಡಿದು ಇಡೀ ಕಾರನ್ನೇ ಓಡಿಸಿಕೊಂಡು ಹೋಗಿ ನಿಲ್ಲಿಸಬಹುದಾದ ಕೋಣೆಯವರೆಗೆ ಈ ಉದ್ಯಮದಲ್ಲಿ ಎಲ್ಲ ಗಾತ್ರದವೂ ಉಂಟು. ಹೊರಗಿನಿಂದ ನೋಡಿದರೆ ದೊಡ್ಡದೊಂದು ಫ್ರಿಜ್ಜು. ಕೆಲಸ ಮಾತ್ರ ಬೇರೆ. ಒಂದೇ ಪೆಟ್ಟಿಗೆ ಮೈನಸ್ 70ಕ್ಕೂ ಇಳಿಯಬೇಕು, 180ಕ್ಕೂ ಏರಬೇಕು, ನಡುವೆ ಹೇಳಿದಷ್ಟು ತೇವವನ್ನು ಹೇಳಿದ ಹೊತ್ತಿಗೆ ಕೊಡಬೇಕು.

ಬಿಸಿ ಮಾಡುವುದು ಯಾವ ದೊಡ್ಡ ವಿದ್ಯೆಯೂ ಅಲ್ಲ, ಕಾಯಿಲ್ ಸಾಕು. ತೇವ ಅಷ್ಟು ಸುಲಭಕ್ಕೆ ಹಿಡಿತಕ್ಕೆ ಸಿಗುವುದಿಲ್ಲ. 85 ಡಿಗ್ರಿ, ಶೇ. 85ರ ಗಾಳಿಯಿಂದ ಹನಿ ಕಟ್ಟಲು ಅದು 81 ಡಿಗ್ರಿಗೆ ತಣಿದರೆ ಸಾಕು. ಗೋಡೆಯ ಯಾವುದೋ ಮೂಲೆ, ಬಾಗಿಲ ಗಾಜು, ಕೇಬಲ್ ಹೊರಬರುವ ತೂತಿನ ಸಿಲಿಕೋನ್ ಬೆಣೆ, ಯಾವುದಾದರೂ ಒಂದು ನಾಲ್ಕು ಡಿಗ್ರಿ ಹಿಂದೆ ಬಿದ್ದರೆ ಅಲ್ಲಿ ನೀರು ಇಳಿಯುತ್ತದೆ. ಸರ್ಕಿಟ್ ಬೋರ್ಡಿನ ಮೇಲೆ ಮಾಡಿನಿಂದ ಒಂದು ಹನಿ ತೊಟ್ಟಿಕ್ಕಿತೋ, ವಾರಗಟ್ಟಲೆ ನಡೆದ ಪರೀಕ್ಷೆ ಹಾಳು. ಬೋರ್ಡು ಕೆಟ್ಟದ್ದು ತೇವದಿಂದಲೋ ಹನಿಯಿಂದಲೋ ಹೇಳುವವರಿಲ್ಲ. ಅದಕ್ಕೇ ಗಾಜಿಗೂ ಹೀಟರ್ ಇರುತ್ತದೆ, ಫ್ಯಾನು ನಿಲ್ಲದೆ ಗಾಳಿ ಕದಡುತ್ತಿರುತ್ತದೆ. ತೇವ ಕೊಡುವ ಹಬೆಗೆ ನಲ್ಲಿ ನೀರು ಹಾಕುವಂತಿಲ್ಲ. ಅದರ ಸುಣ್ಣವೆಲ್ಲ ಬಿಳಿ ಪುಡಿಯಾಗಿ ಕೂರುತ್ತದೆ. ಲವಣ ತೆಗೆದ ನೀರೇ ಬೇಕು.

ತೇವ ಹೆಚ್ಚಾದರೆ ಇಳಿಸುವುದಕ್ಕೆ ಒಳಗೇ ತಣ್ಣನೆಯ ಕೊಳವೆ ಸುರುಳಿಯೊಂದು ಇದೆ. ಗಾಳಿ ಅದನ್ನು ಸವರಿ ಹೋಗುವಾಗ ಹೆಚ್ಚಿನ ನೀರನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಅಂದರೆ ಹೀಟರ್, ಕಂಪ್ರೆಸರ್, ಹಬೆ ಪಾತ್ರೆ ಮೂರೂ ಏಕಕಾಲಕ್ಕೆ ಒಂದಕ್ಕೊಂದು ಎದುರಾಗಿ ದುಡಿಯುತ್ತವೆ. ಕರೆಂಟು ಬಿಲ್ಲಿನ ಮಾತು ಬೇಡ.

ಹಾಗಾದರೆ ತೇವವನ್ನು ಅಳೆಯುವುದು ಹೇಗೆ? ಈಗ ಕೆಪಾಸಿಟಿವ್ ಸೆನ್ಸರುಗಳು ಬಂದಿವೆ. ಆದರೂ ಎಷ್ಟೋ ಚೇಂಬರ್‌ಗಳಲ್ಲಿ ಹಳೆಯ ವಿಧಾನವೇ ಉಳಿದಿದೆ: ಎರಡು ತಾಪಮಾಪಕ, ಒಂದರ ಬುಡಕ್ಕೆ ಹತ್ತಿಯ ಬತ್ತಿ, ಬತ್ತಿಯ ಇನ್ನೊಂದು ತುದಿ ನೀರಿನಲ್ಲಿ. ನೀರು ಆರುವಾಗ ಒದ್ದೆ ಮಾಪಕ ತಣ್ಣಗಾಗುತ್ತದೆ; ಗಾಳಿ ಒಣಗಿದ್ದಷ್ಟೂ ಎರಡರ ನಡುವಿನ ವ್ಯತ್ಯಾಸ ಹೆಚ್ಚು. ಬತ್ತಿ ಕೊಳೆಯಾಗಿ ಗಡುಸಾದರೆ ನೀರು ಮೇಲೇರುವುದಿಲ್ಲ, ವ್ಯತ್ಯಾಸ ಕುಗ್ಗುತ್ತದೆ, ಯಂತ್ರ ಇಲ್ಲದ ತೇವವನ್ನು ಇದೆ ಎಂದು ನಂಬುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರದ ಮರ್ಯಾದೆ ಒಂದು ತುಂಡು ಬತ್ತಿಯ ಕೈಯಲ್ಲಿ.

ಇನ್ನು ಚಳಿ. ಮೈನಸ್ 70 ಒಂದೇ ಕಂಪ್ರೆಸರಿಗೆ ನಿಲುಕುವುದಿಲ್ಲ. ಅಷ್ಟು ಕೆಳಗೆ ಕುದಿಯುವ ಅನಿಲ ಬೇಕು. ಆರ್-23 ಎಂಬ ಅನಿಲ ಮೈನಸ್ 82ರಲ್ಲಿ ಕುದಿಯುತ್ತದೆ, ಸರಿ. ಆದರೆ ಸುಮಾರು 26 ಡಿಗ್ರಿ ದಾಟಿದರೆ ಎಷ್ಟೇ ಅದುಮಿದರೂ ಅದು ದ್ರವವಾಗುವುದಿಲ್ಲ. ಬೇಸಿಗೆಯ ಕೋಣೆಯ ಗಾಳಿಗೆ ಅದು ತನ್ನ ಶಾಖವನ್ನು ಬಿಡಲಾರದು. ಹಾಗಾಗಿ ಎರಡು ಕಂಪ್ರೆಸರ್. ಕಟ್ಟಡದ ಕೆಲಸದವರು ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಕೆಳಗಿನ ಸುತ್ತಿನ ಆರ್-23 ಪೆಟ್ಟಿಗೆಯ ಶಾಖವನ್ನು ಹೊತ್ತು ತಂದು ಮೇಲಿನ ಸುತ್ತಿನ ಇನ್ನೊಂದು ಅನಿಲಕ್ಕೆ ಕೊಡುತ್ತದೆ, ಅದು ಹೊರಗಿನ ಗಾಳಿಗೆ ಸುರಿಯುತ್ತದೆ.

ಈ ಆರ್-23ರದ್ದೇ ಒಂದು ಕಥೆ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಒಂದು ಕಿಲೋ ಆರ್-23 ಸುಮಾರು 14,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಹವಾಮಾನವನ್ನು ಅನುಕರಿಸುವ ಯಂತ್ರದ ಹೊಟ್ಟೆಯಲ್ಲಿ ಹವಾಮಾನವನ್ನೇ ಕೆಡಿಸುವ ಅನಿಲ! ಯುರೋಪಿನ 2014ರ ಕಾನೂನು ಇಂಥ ಅನಿಲಗಳ ಮಾರಾಟಕ್ಕೆ ವರ್ಷವರ್ಷಕ್ಕೂ ಇಳಿಯುವ ಮಿತಿ ಹಾಕಿತು. ಹಾಗಾದರೆ ಇಂಗಾಲದ ಡೈಆಕ್ಸೈಡನ್ನೇ ಶೀತಕವಾಗಿ ಬಳಸಬಾರದೇಕೆ? ಬಳಸಬಹುದು, ಆದರೆ ಮೈನಸ್ 56ರ ಹತ್ತಿರ ಅದು ಗಟ್ಟಿಯಾಗಿ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ವೈಸ್ ಟೆಕ್ನಿಕ್ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆ ಸೇರಿ ಅದಕ್ಕೆ ಇನ್ನೆರಡು ಶೀತಕಗಳನ್ನು ಬೆರೆಸಿ, ಗಟ್ಟಿಯಾಗುವ ಹಂತವನ್ನು ಇನ್ನೂ ಕೆಳಕ್ಕೆ ತಳ್ಳಿತು. ಆ ಮಿಶ್ರಣಕ್ಕೆ ಆರ್-469ಎ ಎಂದು ಹೆಸರು. ಬೆಂಕಿ ಹೊತ್ತುವುದಿಲ್ಲ; ತಾಪದ ಲೆಕ್ಕ 14,800ರಿಂದ 1,357ಕ್ಕೆ ಇಳಿಯಿತು. ಸೊನ್ನೆಯಲ್ಲ, ನಿಜ. ಆದರೂ ಒಂದು ಕಂಪನಿ ತನ್ನ ಯಂತ್ರಕ್ಕೆಂದು ಹೊಸ ಶೀತಕವನ್ನೇ ಹುಡುಕಹೊರಡುವುದು ದಿನವೂ ನಡೆಯುವ ಸಂಗತಿಯಲ್ಲ.

ಇಷ್ಟೆಲ್ಲ ಏಕೆ? ಕಾಲವನ್ನು ಕುಗ್ಗಿಸಲು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಶಾಖಕ್ಕೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ನಂಟು ತೋರಿಸಿದ. ಅದರಿಂದ ಬಂದ ಒರಟು ಲೆಕ್ಕವೊಂದಿದೆ: ಹತ್ತು ಡಿಗ್ರಿ ಏರಿದರೆ ವೇಗ ಇಮ್ಮಡಿ. 25ರಿಂದ 85ಕ್ಕೆ ಅಂದರೆ ಆರು ಇಮ್ಮಡಿ, 64 ಪಟ್ಟು. 1000 ಗಂಟೆ ಏಳು ವರ್ಷಕ್ಕೆ ಸಮ. ಮಾರಾಟದವರಿಗೆ ಈ ಲೆಕ್ಕ ಬಹಳ ಇಷ್ಟ. ನನಗೆ ಅಷ್ಟು ಇಷ್ಟವಿಲ್ಲ. ತುಕ್ಕಿಗೂ ಅಂಟಿನ ಮುಪ್ಪಿಗೂ ಅದು ಒಂದು ಮಟ್ಟಿಗೆ ಹೊಂದೀತು. ಬೆಸುಗೆ ಬಿರುಕು ಬಿಡುವುದಕ್ಕೆ ಹೊಂದುವುದೇ ಇಲ್ಲ.

ಬೆಸುಗೆ ಸಾಯುವುದು ಶಾಖದಿಂದಲ್ಲ, ಏರಿಳಿತದಿಂದ. ಬೋರ್ಡಿನ ಫೈಬರ್‌ಗಾಜು ಹಿಗ್ಗಿದಷ್ಟು ಅದರ ಮೇಲಿನ ಸೆರಾಮಿಕ್ ಬಿಡಿಭಾಗ ಹಿಗ್ಗುವುದಿಲ್ಲ. ಒಂದು ಸೆಂಟಿಮೀಟರ್ ಉದ್ದದ ಭಾಗವಿದ್ದರೆ, ಮೈನಸ್ 40ರಿಂದ 85ಕ್ಕೆ ಏರುವಾಗ ಎರಡರ ನಡುವೆ ಸುಮಾರು 10 ಮೈಕ್ರಾನ್ ಎಳೆದಾಟ. ತಲೆಗೂದಲ ದಪ್ಪದಲ್ಲಿ ಒಂದು ಸಣ್ಣ ಪಾಲು. ಆದರೆ ಅದನ್ನು ತಾಳಿಕೊಳ್ಳಬೇಕಾದದ್ದು ಬೆಸುಗೆಯ ಸಣ್ಣ ಗುಬುಟು. ನೂರಾರು ಸಲ ಹೀಗಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಳಪು ಮಾಸಿ, ಅಂಚಿನಿಂದ ಕೂದಲೆಳೆಯ ಗೆರೆ ಒಳಕ್ಕೆ ಹೊರಟಿರುತ್ತದೆ.

ಪಾವಗಡವನ್ನೇ ತೆಗೆದುಕೊಳ್ಳಿ. ಅಲ್ಲಿನ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಸೌರ ಫಲಕಗಳ ಅಂತರರಾಷ್ಟ್ರೀಯ ಮಾನದಂಡ 1000 ಗಂಟೆಯ ಡ್ಯಾಂಪ್ ಹೀಟನ್ನೂ ಮೈನಸ್ 40ರಿಂದ 85ರ 200 ಸುತ್ತುಗಳನ್ನೂ ಕೇಳುತ್ತದೆ. ಡ್ಯಾಂಪ್ ಹೀಟ್ ಕರಾವಳಿಗೆ ಮುಖ್ಯ: ಬಿಸಿ ಮತ್ತು ತೇವಕ್ಕೆ ಫಲಕದೊಳಗಿನ ಇವಿಎ ಪ್ಲಾಸ್ಟಿಕ್ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲ ಬೆಳ್ಳಿಯ ಗೆರೆಗಳನ್ನು ತಿನ್ನುತ್ತದೆ. ಪಾವಗಡ ಒಣನೆಲ, ಅಲ್ಲಿ ಹಗಲ ಕಾವು, ರಾತ್ರಿಯ ತಂಪು, ಧೂಳು. ಅಲ್ಲಿನ ಫಲಕದ ಬಗ್ಗೆ ಸುತ್ತಿನ ಪರೀಕ್ಷೆಯೇ ಹೆಚ್ಚು ಹೇಳುತ್ತದೆ. ಧೂಳಿನ ಬಗ್ಗೆ ಎರಡೂ ಏನೂ ಹೇಳುವುದಿಲ್ಲ. ಎರಡನ್ನೂ ಪಾಸಾದ ಫಲಕ 25 ವರ್ಷ ಬಾಳುತ್ತದೆಂದು ಮಾನದಂಡವೂ ಭರವಸೆ ಕೊಡುವುದಿಲ್ಲ.

ಇಂಥ ಪರೀಕ್ಷೆಗೆ ಬೆಂಗಳೂರಿನ ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ. ಸೇನೆಗೆ ಹೋಗುವ ಉಪಕರಣಗಳಿಗೆ ಜೆಎಸ್‌ಎಸ್ 55555 ಎಂಬ ನಮ್ಮದೇ ಮಾನದಂಡವಿದೆ. ಎಲ್ಲಿ ಮಾಡಿಸಿದರೂ, ಚೇಂಬರಿನ ಪರದೆಯ ಮೇಲಿನ ಒಂದು ಅಂಕಿಯನ್ನು ನಂಬಿ ಕೂರುವಂತಿಲ್ಲ. ಎಂಟು ಮೂಲೆ, ನಡುವೆ ಒಂದು, ಹೀಗೆ ಒಂಬತ್ತು ಕಡೆ ಸೆನ್ಸರ್ ಇಟ್ಟು ಖಾಲಿ ಚೇಂಬರನ್ನು ಅಳೆಯುತ್ತಾರೆ. ವಸ್ತು ಒಳಗೆ ಹೋದ ಮೇಲೆ ಗಾಳಿಯ ದಾರಿ ಬದಲಾಗುತ್ತದೆ. ಕಿಕ್ಕಿರಿದು ತುಂಬಿದರೆ ನಡುವಿನ ವಸ್ತುವಿಗೆ ಚಳಿ ತಲುಪುವುದರೊಳಗೆ ಸಮಯವೇ ಮುಗಿದಿರುತ್ತದೆ. ಜಾಹೀರಾತಿನಲ್ಲಿ ‘ಮೈನಸ್ 40ರಿಂದ 85ರವರೆಗೆ ಪರೀಕ್ಷಿತ’ ಎಂದು ಕಂಡರೆ ಎರಡು ಪ್ರಶ್ನೆ ಕೇಳಿ. ಆಗ ಉಪಕರಣ ಆನ್ ಆಗಿತ್ತೇ, ಸುಮ್ಮನೆ ಇಟ್ಟಿದ್ದರೇ? ಆ ಅಂಕಿ ಗಾಳಿಯದೋ, ಉಪಕರಣದ ಮೈಯದೋ?