ಸ್ಟಿಯರಿಂಗ್ ಇಲ್ಲದ ಕಾರು: ಕೈಬಿಟ್ಟರೆ ಮುಗೀತು!

ಉದ್ದ ಒಂದು ಗೇಣಿಗೂ ಕಮ್ಮಿ. ಓಡೋದಕ್ಕೆ ಪೆನ್ ಟಾರ್ಚಿನ ಎರಡು ಸೆಲ್ಲು. ಸ್ಟಿಯರಿಂಗ್ ಇಲ್ಲ, ರಿಮೋಟ್ ಇಲ್ಲ. ಸ್ವಿಚ್ ಹಾಕಿ ಟ್ರ್ಯಾಕಿನ ಮೇಲೆ ಬಿಟ್ಟರೆ, ಆಮೇಲೆ ಮಾಲೀಕನೂ ಒಬ್ಬ ಪ್ರೇಕ್ಷಕ!

ಜಪಾನಿನ ಹುಡುಗರು ‘ಮಿನಿ ಯೊಂಕು’ ಅಂತ ಕರೆಯುವ ಈ ಪುಟಾಣಿ ರೇಸ್ ಕಾರು ಷಿಜುವೊಕಾ ಊರಿನ ಟಾಮಿಯಾ ಕಂಪನಿಯದು. 1946ರಲ್ಲಿ ಮರದ ಮಿಲ್ಲಾಗಿ ಶುರುವಾದ ಸಂಸ್ಥೆ ಅದು. 1982ರಲ್ಲಿ ಮೊದಲ ಮಿನಿ ಕಾರು ಪೇಟೆಗೆ ಬಂತು. 1986ರಲ್ಲಿ ರೇಸಿಗೆ ತಕ್ಕ ಮಾದರಿ ಬಂದದ್ದೇ ತಡ, ಹುಡುಗರಿಗೆ ಹುಚ್ಚು ಹಿಡಿಯಿತು. 1988ರಲ್ಲಿ ‘ಜಪಾನ್ ಕಪ್’ ಪಂದ್ಯವೂ ಆರಂಭವಾಯಿತು. 1999ರ ನಂತರ ನಿಂತಿದ್ದ ಆ ಪಂದ್ಯ 2012ರಲ್ಲಿ ಮತ್ತೆ ಶುರುವಾಗುವ ಹೊತ್ತಿಗೆ ಹಳೇ ಹುಡುಗರು ಅಪ್ಪಂದಿರಾಗಿದ್ದರು. ಹುಚ್ಚು ಮಾತ್ರ ಬಿಟ್ಟಿರಲಿಲ್ಲ.

ಕಾರು ರೆಡಿಮೇಡ್ ಬರೋದಿಲ್ಲ. ಡಬ್ಬಿ ಬಿಚ್ಚಿದರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗಗಳು, ಒಂದು ಮೋಟರು, ನಾಲ್ಕು ಟೈರು, ಹೇಗೆ ಜೋಡಿಸಬೇಕೆಂದು ಚಿತ್ರ ಬರೆದ ಹಾಳೆ. ಅಂಟು ಬೇಡ. ಕೆಲವು ಒತ್ತಿದರೆ ಕೂರುತ್ತವೆ, ಮಿಕ್ಕವಕ್ಕೆ ಸ್ಕ್ರೂಡ್ರೈವರ್ ಸಾಕು.

ಹೊಸಬ ಎಡವೋದು ಎಲ್ಲಿ? ಅವಸರದಲ್ಲಿ! ಭಾಗಗಳನ್ನು ಕೈಯಲ್ಲೇ ಮುರಿದು ತೆಗೆದರೆ ಅಂಚಿನಲ್ಲಿ ಮುಳ್ಳು ಉಳಿದು ಎಲ್ಲೋ ಉಜ್ಜುತ್ತದೆ. ಕಟಿಂಗ್ ಪ್ಲೇಯರಿನಲ್ಲೇ ಕತ್ತರಿಸಬೇಕು. ಹಲ್ಲುಚಕ್ರಕ್ಕೆ ಗ್ರೀಸು ಕಡ್ಡಿಯ ತುದಿಯಷ್ಟು ಸಾಕು. ಅಚ್ಚಿಗೆ ಗಾಲಿ ಸೊಟ್ಟಗೆ ಕೂತರೆ ಕಾರು ಕುಡಿದವನ ಹಾಗೆ ತೂರಾಡುತ್ತದೆ. ತೀರಾ ಒತ್ತಿ ಕೂರಿಸಿದರೆ ತಿರುಗೋದೇ ಕಷ್ಟ. ಮೋಟರು ಹಿಂದಿರುವ ಮಾದರಿಯಲ್ಲಿ ಅದರ ಬಲವನ್ನು ಮುಂದಿನ ಗಾಲಿಗೆ ಒಯ್ಯೋದು ನಡುವಿನ ಉದ್ದನೆಯ ಸರಳು. ಅದನ್ನು ಮರೆತರೆ ನಾಲ್ಕು ಗಾಲಿಯ ಎಳೆತ ಎರಡಕ್ಕೆ ಇಳಿಯಿತು ಅನ್ನಿ.

ಟ್ರ್ಯಾಕಿನ ಇಕ್ಕೆಲಗಳಲ್ಲೂ ಮೋಟುಗೋಡೆ. ಕಾರಿನ ಮೂಲೆಗಳಲ್ಲಿ ಅಡ್ಡ ಮಲಗಿಸಿದ ಪುಟ್ಟ ರೋಲರುಗಳು ಆ ಗೋಡೆ ಸವರಿಕೊಂಡೇ ತಿರುವು ದಾಟಿಸುತ್ತವೆ. ಸಾಮಾನ್ಯವಾಗಿ ಇರುವುದು ಮೂರು ಓಣಿ. ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಸೇತುವೆಯಂಥ ಏರು. ಅಸಲಿ ಪರೀಕ್ಷೆ ಅಲ್ಲೇ! ವಾರಗಟ್ಟಲೆ ಕೂಡಿಟ್ಟ ಕಾಸಿನಲ್ಲಿ ಹುಡುಗ ಜೋರು ಮೋಟರ್ ಕೊಂಡು ಹಾಕಿರುತ್ತಾನೆ. ಕಾರು ಸುಯ್ಯೆಂದು ಏರು ಹತ್ತಿ, ಗೋಡೆ ಹಾರಿ, ದಡ್ ಅಂತ ನೆಲಕ್ಕೆ! ಪಂದ್ಯದಲ್ಲಾದರೆ ಅಲ್ಲಿಗೆ ಔಟ್. ಅತ್ತ ಪಕ್ಕದವನ ಸಾದಾ ಮೋಟರಿನ ಕಾರು ನಿಧಾನಕ್ಕೆ ಸುತ್ತು ಮುಗಿಸಿ ಗೆದ್ದಿರುತ್ತದೆ.

ಜಪಾನಿನ ಎಷ್ಟೋ ಅಂಗಡಿಯವರು ಒಳಗೇ ಟ್ರ್ಯಾಕ್ ಹಾಸಿರುವುದು ಬರೀ ಧರ್ಮಕ್ಕಲ್ಲ. ಕಾರು ಒಂದು ಸಲದ ವ್ಯಾಪಾರ. ರೋಲರು, ಗೇರು, ಟೈರು ನಿತ್ಯದ ವ್ಯಾಪಾರ!

ಮಗನ ಕಾರನ್ನು ಅಪ್ಪನೇ ಕಟ್ಟಿಕೊಟ್ಟರೆ? ಕಾರೇನೋ ಓಡೀತು, ಬಿದ್ದದ್ದು ಯಾಕೆ ಅಂತ ಹುಡುಗನಿಗೆ ತಿಳಿಯೋದಿಲ್ಲ. ಗಾಲಿ ಸೊಟ್ಟಗೆ ಕೂರಿಸಿದವನಿಗೇ ಗಾಲಿ ನೆಟ್ಟಗೆ ಕೂರಿಸೋದು ಗೊತ್ತಾಗೋದು.

ಮೊದಲ ಕಾರು ಕಟ್ಟುವವರು ಡಬ್ಬಿಯಲ್ಲಿ ಬಂದ ಮೋಟರಿನಲ್ಲೇ ಮೂರೂ ಓಣಿ ಬೀಳದೆ ಸುತ್ತಿಸಲಿ, ಜೋರು ಆಮೇಲೆ. ಬಸ್ಸಿನ ಡ್ರೈವರಿಗೆ ತಿರುವು ಕಂಡ ಮೇಲೂ ಬ್ರೇಕ್ ಒತ್ತುವ ಅವಕಾಶವಿದೆ. ಇಲ್ಲಿ ಮಾಡೋ ಬುದ್ಧಿವಂತಿಕೆಯೆಲ್ಲ ಮೇಜಿನ ಮೇಲೇ ಆಗಬೇಕು, ಕೈಬಿಡುವ ಮುಂಚೆಯೇ.